ಟ್ರೇಡ್, ಡ್ರಾಫ್ಟ್ ಪಿಕ್, ಹೊಸ ಹುಡುಗರು: ಎನ್‌ಬಿಎ ಅಭಿಮಾನಿ ಊಹಿಸುವ ಮೊದಲು ಮಾಡಬೇಕಾದ ಲೆಕ್ಕ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಟ್ರೇಡ್ ಗಡುವು ಹತ್ತಿರವಾಗುವ ಫೆಬ್ರುವರಿ ಮೊದಲ ವಾರ ಬಂತೆಂದರೆ ಒಂದು ಸಲ, ಡ್ರಾಫ್ಟ್ ನಡೆಯುವ ಜೂನ್ ಕೊನೆಗೆ ಇನ್ನೊಂದು ಸಲ, ಓದುಗರಿಂದ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ‘ಇಬ್ಬರು ಹುಡುಗರನ್ನೂ ಒಂದು ಪಿಕ್ಕನ್ನೂ ಕೊಟ್ಟರೆ ಆ ದೊಡ್ಡ ಆಟಗಾರ ನಮ್ಮ ತಂಡಕ್ಕೆ ಬರುವುದಿಲ್ಲವೇ?’ ‘ಮೊದಲ ಸುತ್ತಿನ ಪಿಕ್ಕಿಗೆ ಅಷ್ಟು ಬೆಲೆ ಇದ್ದರೆ ಕೆಲವು ತಂಡಗಳು ಐದೈದು ಪಿಕ್ ಕೊಟ್ಟುಬಿಡುವುದು ಏಕೆ?’ ‘ಎರಡು ವರ್ಷ ಆಡಿಯೂ ಮಿಂಚದ ಹುಡುಗನನ್ನು ಇಟ್ಟುಕೊಳ್ಳಬೇಕೇ, ಬಿಟ್ಟುಕೊಡಬೇಕೇ?’ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆಯುವುದಕ್ಕಿಂತ ಇಡೀ ಲೆಕ್ಕವನ್ನು ಒಂದೇ ಕಡೆ ಬಿಡಿಸಿಡುತ್ತಿದ್ದೇನೆ.

ಐಪಿಎಲ್ ಹರಾಜು ನೋಡಿ ಅಭ್ಯಾಸವಾದವರಿಗೆ ಎನ್‌ಬಿಎ ವ್ಯವಹಾರ ಮೊದಲಿಗೆ ಗೊಂದಲವೆನಿಸುತ್ತದೆ. ಹರಾಜಿನಲ್ಲಿ ಹೆಚ್ಚು ಹಣ ಕೂಗಿದವರಿಗೆ ಆಟಗಾರ ಸಿಗುತ್ತಾನೆ. ಎನ್‌ಬಿಎಯಲ್ಲಿ ಹೊಸ ಆಟಗಾರರು ಬರುವುದು ಡ್ರಾಫ್ಟ್ ಮೂಲಕ: 30 ತಂಡಗಳು ಎರಡು ಸುತ್ತುಗಳಲ್ಲಿ ಸರದಿಯಂತೆ ಒಬ್ಬೊಬ್ಬರನ್ನು ಆರಿಸಿಕೊಳ್ಳುತ್ತವೆ. ಆ ಸರದಿಯ ಹಕ್ಕಿಗೆ ಪಿಕ್ ಎಂದು ಹೆಸರು. ಈ ವರ್ಷದ ಪಿಕ್ಕನ್ನಷ್ಟೇ ಅಲ್ಲ, ಏಳು ವರ್ಷ ಮುಂದಿನವರೆಗಿನ ಪಿಕ್ಕುಗಳನ್ನೂ ಮಾರಬಹುದು. ಆಟಗಾರನನ್ನು ಇನ್ನೊಂದು ತಂಡಕ್ಕೆ ಕೊಡುವ ವಿನಿಮಯವೇ ಟ್ರೇಡ್. ಅಲ್ಲಿ ಕೈ ಬದಲಾಗುವುದು ಆಟಗಾರನ ಒಪ್ಪಂದ. ಅವನ ಸಂಬಳ, ಉಳಿದಿರುವ ವರ್ಷಗಳು, ಷರತ್ತುಗಳು ಎಲ್ಲವೂ ಅವನ ಜೊತೆಗೇ ಹೋಗುತ್ತವೆ. ಇದನ್ನು ಮರೆತರೆ ಮುಂದಿನ ಯಾವ ಊಹೆಯೂ ನಿಲ್ಲುವುದಿಲ್ಲ.

ಮೊದಲು ಕೈಯಲ್ಲಿ ಇರಬೇಕಾದವು

ನಿಮ್ಮ ತಂಡದ ಮುಂದಿನ ನಾಲ್ಕು ವರ್ಷಗಳ ಸಂಬಳದ ಪಟ್ಟಿ ಬೇಕು. ಸ್ಪೋಟ್ರ್ಯಾಕ್ ಜಾಲತಾಣದಲ್ಲಿ ಇದು ಸಿಗುತ್ತದೆ. ತಂಡದ ಬಳಿ ಇರುವ ಮತ್ತು ತಂಡ ಕೊಡಬೇಕಾಗಿರುವ ಪಿಕ್ಕುಗಳ ಪಟ್ಟಿಯೂ ಬೇಕು, ಷರತ್ತುಗಳ ಸಮೇತ. ಇದನ್ನು ರಿಯಲ್‌ಜಿಎಂನಲ್ಲಿ ನೋಡಬಹುದು. ಆಟಗಾರರ ಅಂಕಿಅಂಶಗಳಿಗೆ ಬ್ಯಾಸ್ಕೆಟ್‌ಬಾಲ್ ರೆಫರೆನ್ಸ್ ಸಾಕು. ಇದರ ಜೊತೆಗೆ ಪ್ರತಿ ಆಟಗಾರನ ವಯಸ್ಸನ್ನೂ ಒಪ್ಪಂದ ಮುಗಿಯುವ ವರ್ಷವನ್ನೂ ಒಂದು ಹಾಳೆಯಲ್ಲಿ ಅಕ್ಕಪಕ್ಕ ಬರೆದುಕೊಳ್ಳಿ. ಈ ಹಾಳೆಯೊಂದನ್ನು ಮಾಡಿಕೊಂಡವರು ಅರ್ಧ ತಪ್ಪುಗಳಿಂದ ಆಗಲೇ ಪಾರಾಗಿರುತ್ತಾರೆ.

ಹಂತ 1: ತಂಡ ಯಾವ ವರ್ಷಕ್ಕಾಗಿ ದುಡಿಯುತ್ತಿದೆ ಎಂದು ನೋಡಿ

ಪ್ರಶಸ್ತಿಗಾಗಿ ಈ ವರ್ಷವೇ ಹೋರಾಡುವ ತಂಡಕ್ಕೆ 2030ರ ಪಿಕ್ ದೂರದ ಮಾತು. ಹೊಸದಾಗಿ ಕಟ್ಟುತ್ತಿರುವ ತಂಡಕ್ಕೆ 33 ವರ್ಷದ ತಾರೆ ಭಾರ. ಎರಡೂ ಒಂದೇ ವಸ್ತುವಿಗೆ ಬೇರೆ ಬೇರೆ ಬೆಲೆ ಕಟ್ಟುವುದರಿಂದಲೇ ಟ್ರೇಡ್ ಸಾಧ್ಯವಾಗುತ್ತದೆ.

ಒಕ್ಲಹೋಮಾ ಸಿಟಿ ಥಂಡರ್ ತಂಡವನ್ನು ನೋಡಿ. 2020-21ರಲ್ಲಿ 22 ಗೆಲುವು, ಮರುವರ್ಷ 24. ಆಮೇಲೆ 40, ಆಮೇಲೆ 57. 2024-25ರಲ್ಲಿ 68 ಗೆಲುವು, ಜೊತೆಗೆ ಪ್ರಶಸ್ತಿ. 22 ಗೆದ್ದ ವರ್ಷದಲ್ಲಿ ‘ಇವರು ಒಬ್ಬ ಹಿರಿಯ ತಾರೆಯನ್ನು ಏಕೆ ತರುತ್ತಿಲ್ಲ’ ಎಂದು ಕೇಳಿದ್ದರೆ ಅದು ತಪ್ಪು ತಂಡಕ್ಕೆ ಹಾಕಿದ ಪ್ರಶ್ನೆಯಾಗುತ್ತಿತ್ತು.

ಹಂತ 2: ಸಂಬಳ ಹೊಂದುತ್ತದೆಯೇ?

ತಂಡದ ಒಟ್ಟು ಸಂಬಳಕ್ಕೆ ಲೀಗ್ ಪ್ರತಿವರ್ಷ ಒಂದು ಮಿತಿ ಹಾಕುತ್ತದೆ. ಅದೇ ಸ್ಯಾಲರಿ ಕ್ಯಾಪ್. 2025-26ರ ಋತುವಿಗೆ ಅದು ಸುಮಾರು 15.46 ಕೋಟಿ ಡಾಲರ್. ದಾಟಲೇಬಾರದ ಗೆರೆ ಇದಲ್ಲ. ತಮ್ಮದೇ ಆಟಗಾರರನ್ನು ಉಳಿಸಿಕೊಳ್ಳಲು ತಂಡಗಳು ಇದನ್ನು ದಾಟುತ್ತಲೇ ಇರುತ್ತವೆ. ದಾಟಿದವರ ಮುಂದೆ ಇನ್ನೂ ಮೂರು ಗೆರೆಗಳಿವೆ. ಅದೇ ಋತುವಿನಲ್ಲಿ 18.79 ಕೋಟಿಯಿಂದಾಚೆ ಲಕ್ಷುರಿ ಟ್ಯಾಕ್ಸ್, ಅಂದರೆ ಹೆಚ್ಚುವರಿ ಖರ್ಚಿನ ಮೇಲೆ ದಂಡದಂಥ ತೆರಿಗೆ. 19.59 ಕೋಟಿಯಲ್ಲಿ ಮೊದಲ ಏಪ್ರನ್, 20.78 ಕೋಟಿಯಲ್ಲಿ ಎರಡನೇ ಏಪ್ರನ್. ಏಪ್ರನ್ ಎಂಬುದು ತೆರಿಗೆಗಿಂತ ಬಿಗಿಯಾದದ್ದು. ತೆರಿಗೆಯನ್ನು ಶ್ರೀಮಂತ ಮಾಲೀಕ ಕಟ್ಟಿ ಕೈ ತೊಳೆದುಕೊಳ್ಳಬಹುದು, ಏಪ್ರನ್ ದಾಟಿದವರಿಗೆ ಟ್ರೇಡ್ ಮಾಡುವ ದಾರಿಗಳೇ ಮುಚ್ಚಿಕೊಳ್ಳುತ್ತವೆ.

ಅಭಿಮಾನಿ ನೆನಪಿಡಬೇಕಾದದ್ದು ಇಷ್ಟು. ಕ್ಯಾಪ್‌ನೊಳಗೆ ಜಾಗ ಖಾಲಿ ಇರುವ ತಂಡ ಬಂದ ಸಂಬಳವನ್ನು ಆ ಜಾಗಕ್ಕೆ ಇಳಿಸಿಕೊಳ್ಳಬಹುದು. ಕ್ಯಾಪ್ ದಾಟಿದ್ದರೂ ಏಪ್ರನ್‌ಗಿಂತ ಕೆಳಗಿರುವ ತಂಡ, ತಾನು ಕಳಿಸಿದ ಸಂಬಳಕ್ಕಿಂತ ಸ್ವಲ್ಪ ಹೆಚ್ಚನ್ನು ತರಬಹುದು. ಮೊದಲ ಏಪ್ರನ್ ದಾಟಿದ ತಂಡ ಕಳಿಸಿದ್ದಕ್ಕಿಂತ ಒಂದು ಡಾಲರ್ ಕೂಡ ಹೆಚ್ಚು ತರುವಂತಿಲ್ಲ. ಎರಡನೇ ಏಪ್ರನ್ ದಾಟಿದ ತಂಡ ಇಬ್ಬರ ಸಂಬಳವನ್ನು ಕೂಡಿಸಿ ಒಬ್ಬ ದುಬಾರಿ ಆಟಗಾರನನ್ನು ತರುವಂತೆಯೂ ಇಲ್ಲ. ತಲಾ 1.5 ಕೋಟಿಯ ಇಬ್ಬರನ್ನು ಕೊಟ್ಟು 3 ಕೋಟಿಯ ಒಬ್ಬನನ್ನು ತರುವ ಯೋಜನೆ ಕಾಗದದ ಮೇಲೆ ಎಷ್ಟೇ ಚೆನ್ನಾಗಿ ಕಂಡರೂ ಅಂಥ ತಂಡಕ್ಕೆ ಅದು ನಿಷಿದ್ಧ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ. ಪೂರ್ಣ ಒಪ್ಪಂದದ ಆಟಗಾರರು ಒಂದು ತಂಡದಲ್ಲಿ 15 ಮಂದಿ ಮಾತ್ರ ಇರಬಹುದು. ಒಬ್ಬ ತಾರೆಗೆ ನಾಲ್ವರನ್ನು ಕೊಡುತ್ತೇವೆ ಎಂದರೆ, ಎದುರಿನ ತಂಡ ತನ್ನ ಮೂವರನ್ನು ಹೊರಗೆ ಕಳಿಸಬೇಕಾಗುತ್ತದೆ, ಸಂಬಳವನ್ನೂ ಕೊಟ್ಟು. ‘ಇಷ್ಟೆಲ್ಲ ಕೊಡುತ್ತಿದ್ದೇವಲ್ಲ’ ಎಂಬ ನಿಮ್ಮ ಉದಾರತೆ ಅವರಿಗೆ ತಲೆನೋವು.

ಹಂತ 3: ಪಿಕ್ಕನ್ನು ಷರತ್ತಿನ ಸಮೇತ ಓದಿ

ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಹಂತದಲ್ಲಿ ಜಾರಿದವು. ‘ಮೂರು ಮೊದಲ ಸುತ್ತಿನ ಪಿಕ್’ ಎಂದು ಎಣಿಸಿ ಮುಗಿಸಬೇಡಿ. ಒಂದನೇ ಪಿಕ್ಕೂ ಮೊದಲ ಸುತ್ತಿನದೇ, ಮೂವತ್ತನೇ ಪಿಕ್ಕೂ ಮೊದಲ ಸುತ್ತಿನದೇ. ಪ್ರತಿ ಪಿಕ್ಕಿಗೆ ಮೂರು ಪ್ರಶ್ನೆ ಹಾಕಿ: ಯಾವ ತಂಡದ್ದು, ಯಾವ ವರ್ಷದ್ದು, ಯಾವ ಷರತ್ತಿನದು.

ಯಾವ ತಂಡದ್ದು ಎನ್ನುವುದು ಅತಿ ಮುಖ್ಯ. ಸೋಲುವ ತಂಡದ ಪಿಕ್ ಮೇಲೆ ಬರುತ್ತದೆ, ಗೆಲ್ಲುವ ತಂಡದ್ದು ಕೊನೆಗೆ ಹೋಗುತ್ತದೆ. ಹಾಗಾಗಿ ಪಿಕ್ ಕೊಂಡುಕೊಳ್ಳುವವನು ಇನ್ನೊಂದು ತಂಡದ ಸೋಲಿನ ಮೇಲೆ ಹಣ ಕಟ್ಟಿದಂತೆ. 2013ರಲ್ಲಿ ಬ್ರೂಕ್ಲಿನ್ ನೆಟ್ಸ್ ತಂಡ 35 ವರ್ಷದ ಪಾಲ್ ಪಿಯರ್ಸ್ ಮತ್ತು 37 ವರ್ಷದ ಕೆವಿನ್ ಗಾರ್ನೆಟ್ ಅವರಿಗಾಗಿ ಬಾಸ್ಟನ್ ಸೆಲ್ಟಿಕ್ಸ್‌ಗೆ 2014, 2016 ಮತ್ತು 2018ರ ಪಿಕ್ಕುಗಳನ್ನೂ 2017ರ ಸ್ವಾಪ್ ಹಕ್ಕನ್ನೂ ಕೊಟ್ಟಿತು. ಕೊಡುವಾಗ ತಾವು ಗೆಲ್ಲುತ್ತೇವೆ, ಪಿಕ್ಕುಗಳು ಕೊನೆಗೆ ಬರುತ್ತವೆ ಎಂಬ ನಂಬಿಕೆ ಅವರದು. ಆದರೆ 2015-16ರಲ್ಲಿ ಗೆದ್ದದ್ದು 21 ಪಂದ್ಯ, ಮರುವರ್ಷ 20. 2016ರ ಪಿಕ್ ಮೂರನೆಯದಾಗಿ ಬಂದು ಬಾಸ್ಟನ್‌ಗೆ ಜೇಲನ್ ಬ್ರೌನ್ ಸಿಕ್ಕರು. 2017ರದ್ದು ಒಂದನೆಯದೇ ಆಯಿತು. ಅದನ್ನು ಬಾಸ್ಟನ್ ಫಿಲಡೆಲ್ಫಿಯಾಕ್ಕೆ ಕೊಟ್ಟು, ಮೂರನೇ ಪಿಕ್ಕನ್ನೂ ಮುಂದಿನದೊಂದು ಪಿಕ್ಕನ್ನೂ ಪಡೆದು, ಜೇಸನ್ ಟೇಟಮ್ ಅವರನ್ನು ಆರಿಸಿಕೊಂಡಿತು. 2024ರಲ್ಲಿ ಬಾಸ್ಟನ್ ಪ್ರಶಸ್ತಿ ಗೆದ್ದಾಗ ತಂಡದ ಬೆನ್ನೆಲುಬು ಇವರಿಬ್ಬರೇ.

ಸ್ವಾಪ್ ಎಂದರೇನು ಎಂದು ಬಹಳ ಮಂದಿ ಕೇಳುತ್ತಾರೆ. ಅದು ಹೆಚ್ಚುವರಿ ಪಿಕ್ ಅಲ್ಲ. ಎರಡು ತಂಡಗಳ ಪಿಕ್ಕುಗಳಲ್ಲಿ ಯಾವುದು ಮೇಲೆ ಬರುತ್ತದೋ ಅದನ್ನು ತೆಗೆದುಕೊಂಡು ತನ್ನದನ್ನು ಬಿಟ್ಟುಕೊಡುವ ಹಕ್ಕು. ಹಕ್ಕು ಪಡೆದ ತಂಡವೇ ಕೊನೆಯಲ್ಲಿದ್ದರೆ ಅದಕ್ಕೆ ಬೆಲೆಯೇ ಇಲ್ಲ. ಪ್ರಬಲ ತಂಡದ ಕೈಗೆ ದುರ್ಬಲ ತಂಡದ ಸ್ವಾಪ್ ಸಿಕ್ಕರೆ ಅದು ಚಿನ್ನ.

ಇನ್ನು ಪ್ರೊಟೆಕ್ಷನ್. ಕೊಡುವ ತಂಡ ತನ್ನ ಪಿಕ್ ತೀರ ಮೇಲೆ ಬಂದರೆ ಉಳಿಸಿಕೊಳ್ಳುತ್ತೇನೆ ಎಂದು ಹಾಕಿಕೊಳ್ಳುವ ರಕ್ಷಣೆ ಇದು. ಫಿಲಡೆಲ್ಫಿಯಾ 76ರ್ಸ್ ತಂಡ 2025ರ ತನ್ನ ಪಿಕ್ಕನ್ನು ಥಂಡರ್‌ಗೆ ಕೊಡಬೇಕಾಗಿತ್ತು, ಆದರೆ ಮೊದಲ ಆರರೊಳಗೆ ಬಂದರೆ ತನಗೇ ಎಂಬ ರಕ್ಷಣೆ ಇತ್ತು. ಆ ವರ್ಷ ತಂಡ 24 ಪಂದ್ಯ ಮಾತ್ರ ಗೆದ್ದಿತು. ಸರದಿ ನಿರ್ಧರಿಸುವ ಲಾಟರಿಯಲ್ಲಿ (ಹಂತ 4 ನೋಡಿ) ಮೂರನೇ ಸ್ಥಾನ ಬಂತು, ಪಿಕ್ ಅಲ್ಲೇ ಉಳಿಯಿತು, ವಿಜೆ ಎಡ್ಜ್‌ಕೂಂಬ್ ಫಿಲಡೆಲ್ಫಿಯಾದ ಆಟಗಾರರಾದರು. ಕೊಡಬೇಕಾದ ಋಣ ಮುಂದಿನ ವರ್ಷಕ್ಕೆ ಸರಿಯಿತು. ಒಂದು ತಂಡ ಋತುವಿನ ಕೊನೆಯಲ್ಲಿ ಸೋಲಿಗೆ ಹೆದರದೆ ಆಡುತ್ತಿದೆ ಎನಿಸಿದಾಗ ಅದರ ಪಿಕ್ಕಿಗೆ ಇಂಥ ಷರತ್ತು ಇದೆಯೇ ಎಂದು ನೋಡಿ. ಉತ್ತರ ಎಷ್ಟೋ ಸಲ ಅಲ್ಲೇ ಇರುತ್ತದೆ.

ರಕ್ಷಣೆ ಇಲ್ಲದ ಪಿಕ್ ಕೊಡುವುದು ಧೈರ್ಯದ ಕೆಲಸ, ಕೆಲವೊಮ್ಮೆ ದುಡುಕು. 2025ರ ಡ್ರಾಫ್ಟ್ ರಾತ್ರಿ ನ್ಯೂ ಆರ್ಲಿಯನ್ಸ್ ಪೆಲಿಕನ್ಸ್ ತಂಡ 23ನೇ ಸ್ಥಾನದಿಂದ 13ಕ್ಕೆ ಏರಿ ಡೆರಿಕ್ ಕ್ವೀನ್ ಅವರನ್ನು ಆರಿಸಲು ಅಟ್ಲಾಂಟಾಕ್ಕೆ 2026ರ ಪಿಕ್ ಒಂದನ್ನು ಕೊಟ್ಟಿತು. ತನ್ನದು ಮತ್ತು ಮಿಲ್ವಾಕಿಯದು, ಎರಡರಲ್ಲಿ ಯಾವುದು ಮೇಲೋ ಅದು, ಯಾವ ರಕ್ಷಣೆಯೂ ಇಲ್ಲದೆ. ಹಿಂದಿನ ಋತುವಿನಲ್ಲಿ ಬಹುಪಾಲು ಸೋತಿದ್ದ ತಂಡವೊಂದು ಹೀಗೆ ಮಾಡಿದ್ದು ನನ್ನ ಮಟ್ಟಿಗೆ ಸಮರ್ಥಿಸಲಾಗದ ನಿರ್ಧಾರ. ಕ್ವೀನ್ ಒಳ್ಳೆಯ ಆಟಗಾರನಾದರೂ ಈ ಮಾತು ಬದಲಾಗುವುದಿಲ್ಲ. ಏಕೆಂದರೆ ಹತ್ತು ಸ್ಥಾನ ಮೇಲೇರಲು ಅಷ್ಟು ದೊಡ್ಡ ಅಪಾಯ ಹೊರುವ ಅಗತ್ಯವಿರಲಿಲ್ಲ.

ಊಹಿಸುವವರು ಮರೆಯುವ ನಿಯಮ ಇನ್ನೊಂದಿದೆ. ಮುಂಬರುವ ಸತತ ಎರಡು ವರ್ಷ ಮೊದಲ ಸುತ್ತಿನ ಪಿಕ್ಕೇ ಇಲ್ಲದ ಸ್ಥಿತಿಗೆ ಯಾವ ತಂಡವೂ ತನ್ನನ್ನು ತಳ್ಳಿಕೊಳ್ಳುವಂತಿಲ್ಲ. 1980ರ ದಶಕದ ಆರಂಭದಲ್ಲಿ ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ ಮಾಲೀಕರಾಗಿದ್ದ ಟೆಡ್ ಸ್ಟೆಪಿಯನ್ ಪಿಕ್ಕುಗಳನ್ನು ಮನಬಂದಂತೆ ಮಾರಿದ್ದರಿಂದ ಹುಟ್ಟಿದ ನಿಯಮ ಇದು, ಅವರ ಹೆಸರಿನಲ್ಲೇ ಪ್ರಸಿದ್ಧ. ದೊಡ್ಡ ಟ್ರೇಡ್‌ಗಳಲ್ಲಿ ಪಿಕ್ಕುಗಳು ವರ್ಷ ಬಿಟ್ಟು ವರ್ಷ ಬರುವುದು, ನಡುವಿನ ವರ್ಷಗಳಲ್ಲಿ ಸ್ವಾಪ್ ಇರುವುದು ಇದರಿಂದಲೇ. 2024ರಲ್ಲಿ ಮಿಕಲ್ ಬ್ರಿಡ್ಜಸ್‌ಗಾಗಿ ನ್ಯೂಯಾರ್ಕ್ ನಿಕ್ಸ್ ಕೊಟ್ಟ ತನ್ನ ಸ್ವಂತ ಪಿಕ್ಕುಗಳು 2025, 2027, 2029 ಮತ್ತು 2031ರವು, ಸ್ವಾಪ್ 2028ರದ್ದು. ನಿಮ್ಮ ಕಲ್ಪನೆಯ ಟ್ರೇಡ್‌ನಲ್ಲಿ 2027, 2028, 2029ರ ಸ್ವಂತ ಪಿಕ್ಕುಗಳನ್ನು ಸಾಲಾಗಿ ಕೊಟ್ಟಿದ್ದರೆ, ಆ ವರ್ಷಗಳಿಗೆ ಬೇರೆ ತಂಡದ ಪಿಕ್ ನಿಮ್ಮ ಬಳಿ ಇಲ್ಲದಿದ್ದರೆ, ಅದನ್ನು ಅಲ್ಲಿಗೇ ಹರಿದು ಹಾಕಿ.

ಎರಡನೇ ಸುತ್ತಿನ ಪಿಕ್ಕುಗಳ ಬಗ್ಗೆ ಎರಡು ಮಾತು ಸಾಕು. ಮೊದಲ ಸುತ್ತಿನವರಿಗಿರುವಂತೆ ಇವರಿಗೆ ಒಪ್ಪಂದದ ಖಾತ್ರಿ ಇಲ್ಲ. 2015ರಲ್ಲಿ ಪಂಜಾಬಿನ ಸತ್ನಾಮ್ ಸಿಂಗ್ ಅವರನ್ನು ಡಲ್ಲಾಸ್ 52ನೆಯವರಾಗಿ ಆರಿಸಿದಾಗ ಇಡೀ ದೇಶ ಸಂಭ್ರಮಿಸಿತು. ಭಾರತದಲ್ಲಿ ಹುಟ್ಟಿ ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲಿಗರು ಅವರು. ಆದರೆ ಎನ್‌ಬಿಎ ಋತುವಿನ ಪಂದ್ಯವೊಂದರಲ್ಲಿ ಆಡುವ ಅವಕಾಶ ಅವರಿಗೆ ಸಿಗಲೇ ಇಲ್ಲ. ಅದೇ ಎರಡನೇ ಸುತ್ತಿನಲ್ಲಿ, 2014ರಲ್ಲಿ, 41ನೆಯವರಾಗಿ ಬಂದ ನಿಕೋಲಾ ಯೋಕಿಚ್ ಮೂರು ಬಾರಿ ವರ್ಷದ ಶ್ರೇಷ್ಠ ಆಟಗಾರರಾದರು. ಯೋಕಿಚ್ ಅವರನ್ನು ತೋರಿಸಿ ಎರಡನೇ ಸುತ್ತಿನ ಪಿಕ್ಕಿಗೆ ಬೆಲೆ ಏರಿಸಬೇಡಿ. ಅಂಥವರು ಅಪರೂಪ ಎನ್ನುವ ಕಾರಣಕ್ಕೇ ಅವರ ಹೆಸರು ಎಲ್ಲರಿಗೂ ಗೊತ್ತು.

ಹಂತ 4: ಲಾಟರಿಯನ್ನು ನಂಬಿ ಲೆಕ್ಕ ಹಾಕಬೇಡಿ

ಪ್ಲೇಆಫ್ ತಲುಪದ 14 ತಂಡಗಳ ನಡುವೆ ಮೊದಲ ನಾಲ್ಕು ಸ್ಥಾನಗಳಿಗೆ ಚೀಟಿ ಎತ್ತುವಂಥ ಪ್ರಕ್ರಿಯೆ ನಡೆಯುತ್ತದೆ. 2019ರಲ್ಲಿ ಬಂದ ಪದ್ಧತಿಯಲ್ಲಿ ಅತಿ ಕೆಟ್ಟ ದಾಖಲೆಯ ಮೂರು ತಂಡಗಳಿಗೂ ಒಂದನೇ ಪಿಕ್ ಸಿಗುವ ಸಾಧ್ಯತೆ ತಲಾ 14%. ಕಟ್ಟಕಡೆಯ ತಂಡಕ್ಕೆ ಐದನೇ ಪಿಕ್ ಸಿಗುವ ಸಾಧ್ಯತೆಯೇ ಸುಮಾರು 48%. ಡೆಟ್ರಾಯಿಟ್ ಪಿಸ್ಟನ್ಸ್ 2023ರಲ್ಲೂ 2024ರಲ್ಲೂ ಕೊನೆಯ ಸ್ಥಾನದಲ್ಲಿತ್ತು, ಎರಡು ಸಲವೂ ಸಿಕ್ಕದ್ದು ಐದನೇ ಪಿಕ್. 2025ರಲ್ಲಿ ಕೊನೆಯಲ್ಲಿದ್ದ ಯೂಟಾಕ್ಕೂ ಅದೇ ಗತಿ. ಅದೇ ವರ್ಷ 1.8% ಸಾಧ್ಯತೆಯಿದ್ದ ಡಲ್ಲಾಸ್‌ಗೆ ಒಂದನೇ ಸ್ಥಾನ ಬಂದು ಕೂಪರ್ ಫ್ಲ್ಯಾಗ್ ಸಿಕ್ಕರು. ಹಿಂದಿನ ವರ್ಷ ಅಟ್ಲಾಂಟಾ ಗೆದ್ದದ್ದು 3% ಸಾಧ್ಯತೆಯಿಂದ.

ಹಾಗಾಗಿ ‘ನಾವು ಕೊನೆಯಲ್ಲಿದ್ದೇವೆ, ಒಂದನೇ ಪಿಕ್ ನಮ್ಮದೇ’ ಎಂದುಕೊಂಡು ಮುಂದಿನ ಟ್ರೇಡ್‌ಗಳನ್ನು ಊಹಿಸುವುದು ಮರಳಿನ ಮೇಲೆ ಮನೆ ಕಟ್ಟಿದಂತೆ. ಸಾಧ್ಯತೆಯ ನಿಯಮಗಳನ್ನು ಲೀಗ್ ಆಗಾಗ ಬದಲಿಸುವುದೂ ಉಂಟು. ಆ ವರ್ಷದ ಕೋಷ್ಟಕವನ್ನು ನೋಡಿಯೇ ಮಾತಾಡಿ.

ಹಂತ 5: ಯುವ ಆಟಗಾರನನ್ನು ತಾಳ್ಮೆಯಿಂದ ಅಳೆಯಿರಿ

ಮೊದಲು ಅವನ ಒಪ್ಪಂದ. ಮೊದಲ ಸುತ್ತಿನ ಆಟಗಾರನಿಗೆ ಸಿಗುವುದು ರೂಕಿ ಒಪ್ಪಂದ, ಅಂದರೆ ಹೊಸಬರಿಗೆ ಲೀಗ್ ನಿಗದಿ ಮಾಡಿದ ಸಂಬಳ. ಒಟ್ಟು ನಾಲ್ಕು ವರ್ಷ: ಮೊದಲೆರಡು ಖಾತ್ರಿ, ಮೂರನೆಯ ಮತ್ತು ನಾಲ್ಕನೆಯ ವರ್ಷ ತಂಡದ ಇಚ್ಛೆಗೆ ಬಿಟ್ಟದ್ದು. ಮೂರು ಋತು ಮುಗಿದ ಮೇಲೆ ಹೊಸ ದೊಡ್ಡ ಒಪ್ಪಂದದ ಮಾತುಕತೆ ನಡೆಸಬಹುದು. ಅದು ಕೂಡಿಬರದಿದ್ದರೆ ನಾಲ್ಕನೇ ವರ್ಷದ ನಂತರ ಅವನು ರಿಸ್ಟ್ರಿಕ್ಟೆಡ್ ಫ್ರೀ ಏಜೆಂಟ್ ಆಗುತ್ತಾನೆ. ಬೇರೆ ತಂಡ ಅವನಿಗೆ ಕೊಡುಗೆ ನೀಡಬಹುದು, ಆದರೆ ಹಳೆಯ ತಂಡ ಅಷ್ಟೇ ಕೊಟ್ಟು ಉಳಿಸಿಕೊಳ್ಳುವ ಹಕ್ಕು ಹೊಂದಿರುತ್ತದೆ. ಬೇ ಏರಿಯಾದಲ್ಲಿ ನೆಲೆಸಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಬೆನ್ನಿಗೆ ನಿಂತಿರುವ ಕನ್ನಡಿಗರಿಗೆ ಇದು ಚೆನ್ನಾಗಿ ನೆನಪಿರಬೇಕು. 2021ರ ಏಳನೇ ಪಿಕ್ ಜೊನಾಥನ್ ಕುಮಿಂಗಾ ಅವರ ಹೊಸ ಒಪ್ಪಂದದ ವಿಷಯ 2025ರ ಬೇಸಿಗೆಯಿಡೀ ಎಳೆದು ಸೆಪ್ಟೆಂಬರ್ ಕೊನೆಗೆ ಇತ್ಯರ್ಥವಾಯಿತು.

ಇದರ ತಾತ್ಪರ್ಯ ಟ್ರೇಡ್ ದೃಷ್ಟಿಯಿಂದ ಹೀಗಿದೆ. ಎರಡನೇ ವರ್ಷದಲ್ಲಿರುವ ಒಳ್ಳೆಯ ಹುಡುಗ ಕಡಿಮೆ ಸಂಬಳಕ್ಕೆ ಇನ್ನೂ ಎರಡು ವರ್ಷ ಆಡುತ್ತಾನೆ, ಅವನ ಬೆಲೆ ಹೆಚ್ಚು. ಅಷ್ಟೇ ಚೆನ್ನಾಗಿ ಆಡುವ ನಾಲ್ಕನೇ ವರ್ಷದವನನ್ನು ತಂದರೆ ಕೆಲವೇ ತಿಂಗಳಲ್ಲಿ ದೊಡ್ಡ ಸಂಬಳ ಕೊಡಬೇಕು, ಅವನ ಬೆಲೆ ಕಡಿಮೆ. ಇಬ್ಬರ ಆಟ ಒಂದೇ ಇದ್ದರೂ ಹೀಗೇ.

ಆಮೇಲೆ ಆಟ. ಪಂದ್ಯಕ್ಕೆ ಎಷ್ಟು ಅಂಕ ಎಂಬುದೊಂದನ್ನೇ ಹಿಡಿದುಕೊಳ್ಳಬೇಡಿ. ಟ್ರೂ ಶೂಟಿಂಗ್ ಎಂಬ ಅಳತೆ ಕಲಿಯಿರಿ. ಎರಡಂಕ, ಮೂರಂಕ, ಫ್ರೀ ಥ್ರೋ (ಎದುರಾಳಿಯ ಫೌಲ್‌ಗೆ ಸಿಗುವ ಒಂದಂಕದ ಎಸೆತ) ಎಲ್ಲವನ್ನೂ ಸೇರಿಸಿ, ಸಿಕ್ಕ ಅವಕಾಶವನ್ನು ಎಷ್ಟು ಚೆನ್ನಾಗಿ ಅಂಕವಾಗಿಸಿದ ಎಂದು ಅದು ಹೇಳುತ್ತದೆ. ಲೆಕ್ಕ ಸುಲಭ. ಫ್ರೀ ಥ್ರೋ ಪ್ರಯತ್ನಗಳನ್ನು 0.44ರಿಂದ ಗುಣಿಸಿ, ಬುಟ್ಟಿಗೆ ಎಸೆದ ಪ್ರಯತ್ನಗಳಿಗೆ ಕೂಡಿಸಿ, ಬಂದದ್ದನ್ನು ಎರಡರಿಂದ ಗುಣಿಸಿ, ಅದರಿಂದ ಅಂಕಗಳನ್ನು ಭಾಗಿಸಿ. ಒಬ್ಬ 18 ಎಸೆತ, 4 ಫ್ರೀ ಥ್ರೋಗಳಿಂದ 20 ಅಂಕ ಗಳಿಸಿದರೆ ಸುಮಾರು 50.6%. ಇನ್ನೊಬ್ಬ 12 ಎಸೆತ, 6 ಫ್ರೀ ಥ್ರೋಗಳಿಂದ ಅದೇ 20 ಗಳಿಸಿದರೆ 68.3%. ಪತ್ರಿಕೆಯಲ್ಲಿ ಇಬ್ಬರ ಹೆಸರಿನ ಮುಂದೆಯೂ 20 ಎಂದೇ ಅಚ್ಚಾಗುತ್ತದೆ.

ವಯಸ್ಸು ನೋಡಿ, ಡ್ರಾಫ್ಟ್ ಆಗಿ ಎಷ್ಟು ವರ್ಷವಾಯಿತು ಎಂಬುದನ್ನು ಮಾತ್ರವಲ್ಲ. 19ಕ್ಕೆ ಬಂದವನ ಮೂರನೇ ವರ್ಷ, ನಾಲ್ಕು ವರ್ಷ ಕಾಲೇಜು ಆಡಿ ಬಂದವನ ಮೊದಲ ವರ್ಷಕ್ಕಿಂತ ಇನ್ನೂ ಚಿಕ್ಕ ವಯಸ್ಸು. ಯಾನಿಸ್ ಆಂಟೆಟೊಕುಂಪೊ 2013ರಲ್ಲಿ 15ನೆಯವರಾಗಿ ಆಯ್ಕೆಯಾದಾಗ ಮೊದಲ ಋತುವಿನಲ್ಲಿ ಗಳಿಸಿದ್ದು ಪಂದ್ಯಕ್ಕೆ 6.8 ಅಂಕ. ಅದೇ ಡ್ರಾಫ್ಟ್‌ನ ಒಂದನೇ ಆಯ್ಕೆ ಆಂಥನಿ ಬೆನೆಟ್ ನಾಲ್ಕು ಋತುಗಳಲ್ಲಿ ಲೀಗ್‌ನಿಂದ ಹೊರಗಾದರು. ಲೌರಿ ಮಾರ್ಕನೆನ್ ಶಿಕಾಗೊ, ಕ್ಲೀವ್‌ಲ್ಯಾಂಡ್ ಎರಡೂ ಕಡೆ ಆಡಿ ಬಂದ ಮೇಲೆ ಮೂರನೆಯ ತಂಡವಾದ ಯೂಟಾದಲ್ಲಿ, 2022-23ರಲ್ಲಿ, ಪಂದ್ಯಕ್ಕೆ 25.6 ಅಂಕ ಗಳಿಸಿ ಅತಿ ಹೆಚ್ಚು ಸುಧಾರಿಸಿದ ಆಟಗಾರ ಪ್ರಶಸ್ತಿ ಪಡೆದರು. ಹಿಂದಿನ ತಂಡಗಳಲ್ಲಿ ಚೆಂಡು ಅವರ ಕೈಗೆ ಇಷ್ಟು ಬರುತ್ತಿರಲಿಲ್ಲ. ಹುಡುಗ ಮಿಂಚಲಿಲ್ಲ ಎನ್ನುವ ಮೊದಲು ಅವನಿಗೆ ಎಷ್ಟು ನಿಮಿಷ ಸಿಕ್ಕಿತು, ಪಕ್ಕದಲ್ಲಿ ಯಾರಿದ್ದರು, ತರಬೇತುದಾರ ಅವನಿಂದ ಕೇಳಿದ್ದು ಏನು ಎಂದು ನೋಡುವುದು ನ್ಯಾಯ. ಇಪ್ಪತ್ತರ ಹುಡುಗನೊಬ್ಬನನ್ನು ಎರಡು ವರ್ಷಕ್ಕೆ ‘ವ್ಯರ್ಥ’ ಎಂದು ಬರೆದುಬಿಡುವ ಅಭ್ಯಾಸ ನನಗೆ ನೋವು ತರುತ್ತದೆ. ಅದು ತಪ್ಪು ಲೆಕ್ಕವೂ ಹೌದು.

ಜುಲೈನಲ್ಲಿ ಲಾಸ್ ವೇಗಸ್‌ನಲ್ಲಿ ನಡೆಯುವ ಸಮ್ಮರ್ ಲೀಗ್ ನೋಡಿ ಮೋಸಹೋಗಬೇಡಿ. ಅಲ್ಲಿ ಎದುರಾಳಿಗಳಲ್ಲಿ ಬಹುತೇಕರು ಎನ್‌ಬಿಎ ಒಪ್ಪಂದ ಇಲ್ಲದವರು. ಅಂಕಗಳನ್ನು ಬಿಟ್ಟು ಹುಡುಗ ರಕ್ಷಣೆಯಲ್ಲಿ ಎಲ್ಲಿ ನಿಲ್ಲುತ್ತಾನೆ, ಒತ್ತಡದಲ್ಲಿ ಚೆಂಡನ್ನು ಯಾರಿಗೆ ಕೊಡುತ್ತಾನೆ ಎಂಬುದನ್ನು ಗಮನಿಸಿ.

ಹಂತ 6: ಎದುರಿನ ತಂಡ ಏಕೆ ಒಪ್ಪಬೇಕು?

ಈಗ ನಿಮ್ಮ ಟ್ರೇಡ್ ಬರೆದಾಗಿದೆ. ಅದನ್ನು ತಿರುಗಿಸಿ ಹಿಡಿದು ಎದುರಿನ ತಂಡದ ಅಭಿಮಾನಿಯಾಗಿ ಓದಿ. ಅವರ ಕಡೆಯಿಂದ ನೀವೇ ಒಪ್ಪದಿದ್ದರೆ ಆ ಟ್ರೇಡ್ ಇಲ್ಲ.

ಬೆಲೆ ಸರಿಯೇ ಎಂದು ನೋಡಲು ಈಚೆಗೆ ನಡೆದ ವ್ಯವಹಾರಗಳನ್ನು ಪಕ್ಕಕ್ಕಿಟ್ಟುಕೊಳ್ಳಿ. 2025ರ ಜೂನ್‌ನಲ್ಲಿ ಎರಡು ಟ್ರೇಡ್ ಕೆಲವೇ ದಿನಗಳ ಅಂತರದಲ್ಲಿ ಗೊತ್ತಾದವು. ಒರ್ಲ್ಯಾಂಡೊ ಮ್ಯಾಜಿಕ್ ತಂಡ ಮೆಂಫಿಸ್‌ನ ಡೆಸ್ಮಂಡ್ ಬೇನ್ ಅವರಿಗಾಗಿ ನಾಲ್ಕು ಮೊದಲ ಸುತ್ತಿನ ಪಿಕ್, ಒಂದು ಸ್ವಾಪ್ ಮತ್ತು ಇಬ್ಬರು ಆಟಗಾರರನ್ನು ಕೊಟ್ಟಿತು. ಹ್ಯೂಸ್ಟನ್ ರಾಕೆಟ್ಸ್ ತಂಡ ಫೀನಿಕ್ಸ್‌ನ ಕೆವಿನ್ ಡುರಾಂಟ್ ಅವರಿಗಾಗಿ ಜೇಲನ್ ಗ್ರೀನ್, ಡಿಲನ್ ಬ್ರೂಕ್ಸ್, ಆ ವರ್ಷದ ಹತ್ತನೇ ಪಿಕ್ ಮತ್ತು ಐದು ಎರಡನೇ ಸುತ್ತಿನ ಪಿಕ್ಕುಗಳನ್ನು ಕೊಟ್ಟಿತು. ಡುರಾಂಟ್ ಲೀಗ್‌ನ ಇತಿಹಾಸದ ಮಹಾನ್ ಆಟಗಾರರಲ್ಲಿ ಒಬ್ಬರು, ಬೇನ್ ಒಮ್ಮೆಯೂ ಆಲ್ ಸ್ಟಾರ್ (ವರ್ಷಕ್ಕೊಮ್ಮೆ ನಡೆಯುವ ತಾರೆಗಳ ಪಂದ್ಯಕ್ಕೆ ಆಯ್ಕೆಯಾದವ) ಆಗಿರಲಿಲ್ಲ. ಹಾಗಿದ್ದೂ ಬೇನ್‌ಗೆ ಪಿಕ್ಕುಗಳು ಹೆಚ್ಚು. ಕಾರಣ ನಿಮ್ಮ ಹಾಳೆಯಲ್ಲೇ ಇದೆ: ಬೇನ್‌ಗೆ 26, ಒಪ್ಪಂದ ಇನ್ನೂ ನಾಲ್ಕು ವರ್ಷ. ಡುರಾಂಟ್‌ಗೆ 36, ಒಪ್ಪಂದ ಉಳಿದಿದ್ದದ್ದು ಒಂದೇ ವರ್ಷ. ತಾನು ಯಾವ ಊರಿಗೆ ಹೋಗಲು ಇಷ್ಟಪಡುತ್ತೇನೆ ಎಂದು ಅಂಥ ತಾರೆ ಸೂಚಿಸಿದಾಗ ಕೊಳ್ಳುವವರ ಸಂಖ್ಯೆಯೂ ಇಳಿಯುತ್ತದೆ.

ಒಂದು ತಂಡ ಗೆದ್ದರೆ ಇನ್ನೊಂದು ಸೋಲಲೇಬೇಕು ಎಂದೂ ಇಲ್ಲ. 2022ರ ಫೆಬ್ರುವರಿಯಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್ ಎರಡನೇ ವರ್ಷದ ಟೈರೀಸ್ ಹ್ಯಾಲಿಬರ್ಟನ್ ಅವರನ್ನು ಇಂಡಿಯಾನಾಕ್ಕೆ ಕೊಟ್ಟು ಡೊಮಾಂಟಸ್ ಸಬೋನಿಸ್ ಅವರನ್ನು ತಂದಿತು. ಅಂದು ಸ್ಯಾಕ್ರಮೆಂಟೊವನ್ನು ಬೈದವರೇ ಹೆಚ್ಚು. ಮರುವರ್ಷ ಆ ತಂಡ 16 ವರ್ಷಗಳ ನಂತರ ಪ್ಲೇಆಫ್ ಆಡಿತು. ಹ್ಯಾಲಿಬರ್ಟನ್ 2025ರಲ್ಲಿ ಇಂಡಿಯಾನಾವನ್ನು ಫೈನಲ್ಸ್‌ವರೆಗೆ ಕೊಂಡೊಯ್ದರು. ಯುವ ಆಟಗಾರನನ್ನು ಕೊಟ್ಟದ್ದಕ್ಕೆ ಸ್ಯಾಕ್ರಮೆಂಟೊ ದೀರ್ಘಕಾಲದಲ್ಲಿ ಹೆಚ್ಚು ಕಳೆದುಕೊಂಡಿತು ಎಂದೇ ನನ್ನ ಅಭಿಪ್ರಾಯ. ಆದರೂ ಆ ಊರಿನ ಜನ ಹದಿನಾರು ವರ್ಷ ಕಾದಿದ್ದನ್ನು ಲೆಕ್ಕದಿಂದ ಹೊರಗಿಡಲಾಗದು.

ಹಂತ 7: ವದಂತಿಯ ಕ್ರಿಯಾಪದ ನೋಡಿ

‘ಆಸಕ್ತಿ ಹೊಂದಿದೆ’ ಎಂದರೆ ಬಹುತೇಕ ಏನೂ ಅಲ್ಲ. ಒಳ್ಳೆಯ ಆಟಗಾರನ ಮೇಲೆ ಎಲ್ಲ ತಂಡಗಳಿಗೂ ಆಸಕ್ತಿ ಇರುತ್ತದೆ. ‘ವಿಚಾರಿಸಿದೆ’ ಎಂದರೆ ಒಂದು ಫೋನ್ ಕರೆ. ‘ಮಾತುಕತೆ ಮುಂದುವರಿದಿದೆ’ ಎಂದಾಗ ಕಿವಿ ನೆಟ್ಟಗೆ ಮಾಡಿ. ‘ಒಪ್ಪಂದಕ್ಕೆ ಬಂದಿವೆ’ ಎಂದಾಗ ನಂಬಿ. ಸುದ್ದಿ ಹೊರಬಿದ್ದರೆ ಲಾಭ ಯಾರಿಗೆ ಎಂದೂ ಕೇಳಿಕೊಳ್ಳಿ. ಬೇಡಿಕೆ ಇದೆ ಎಂದು ತೋರಿಸಲು ತಂಡವೇ ಬಿಟ್ಟಿರಬಹುದು, ಒಪ್ಪಂದ ಬೆಳೆಸಲು ಆಟಗಾರನ ಏಜೆಂಟ್ ಬಿಟ್ಟಿರಬಹುದು.

ಪ್ರಸಿದ್ಧ ವರದಿಗಾರರ ಹೆಸರಿನಲ್ಲಿ ಒಂದಕ್ಷರ ಬದಲಿಸಿ ತೆರೆದ ನಕಲಿ ಖಾತೆಗಳು ಫೆಬ್ರುವರಿಯಲ್ಲಿ ಹಲವರನ್ನು ಮೂರ್ಖರನ್ನಾಗಿಸುತ್ತವೆ. ಹಂಚುವ ಮೊದಲು ಖಾತೆ ತೆರೆದು ಹಳೆಯ ಬರಹಗಳನ್ನು ನೋಡಿ. ಇದಕ್ಕೆ ವಿರುದ್ಧವಾದ ಪಾಠವೂ ಇದೆ. 2025ರ ಫೆಬ್ರುವರಿ ಆರಂಭದಲ್ಲಿ ಲೂಕಾ ಡಾನ್ಚಿಚ್ ಲೇಕರ್ಸ್‌ಗೆ, ಆಂಥನಿ ಡೇವಿಸ್ ಡಲ್ಲಾಸ್‌ಗೆ ಎಂದು ಪ್ರಸಿದ್ಧ ವರದಿಗಾರ ಶಾಮ್ಸ್ ಚರಾನಿಯಾ ಬರೆದಾಗ ಅವರ ಖಾತೆಯನ್ನೇ ಯಾರೋ ಕದ್ದಿದ್ದಾರೆ ಎಂದು ಜನ ಭಾವಿಸಿದರು. ಸುದ್ದಿ ನಿಜವಾಗಿತ್ತು. ಮೊದಲು ಒಂದು ವದಂತಿಯೂ ಹಬ್ಬಿರಲಿಲ್ಲ. ಅತಿ ದೊಡ್ಡ ಟ್ರೇಡ್‌ಗಳನ್ನು ಬಾಯಿಬಿಡದೆ ಮಾಡುವವರೂ ಇದ್ದಾರೆ, ಹಾಗಾಗಿ ವದಂತಿ ಇಲ್ಲ ಎಂದರೆ ಏನೂ ನಡೆಯುತ್ತಿಲ್ಲ ಎಂದಲ್ಲ.

ಹಂತ 8: ದಿನಾಂಕಗಳು, ನಮ್ಮ ಗಡಿಯಾರದ ಪ್ರಕಾರ

ಬೇಸಿಗೆಯಲ್ಲಿ ಹೊಸ ಒಪ್ಪಂದ ಮಾಡಿಕೊಂಡ ಬಹುತೇಕ ಆಟಗಾರರನ್ನು ಡಿಸೆಂಬರ್ 15ರವರೆಗೆ, ಕೆಲವರನ್ನು ಜನವರಿ 15ರವರೆಗೆ ಟ್ರೇಡ್ ಮಾಡುವಂತಿಲ್ಲ. ನವೆಂಬರ್‌ನಲ್ಲಿ ಹುಟ್ಟುವ ಅರ್ಧ ಊಹೆಗಳು ಈ ಒಂದು ನಿಯಮಕ್ಕೆ ಬಲಿಯಾಗುತ್ತವೆ.

ಟ್ರೇಡ್ ಗಡುವು ಫೆಬ್ರುವರಿಯ ಒಂದು ಗುರುವಾರ, ಅಮೆರಿಕದ ಪೂರ್ವ ಭಾಗದ ಸಮಯ ಮಧ್ಯಾಹ್ನ 3 ಗಂಟೆ. ಬೆಂಗಳೂರಿನಲ್ಲಿ ಆಗ ಶುಕ್ರವಾರ ನಸುಕಿನ 1.30. ಗಡುವಿನ ಹೊತ್ತಿಗೆ ಒಪ್ಪಿಗೆಯಾದ ವ್ಯವಹಾರಗಳ ಸುದ್ದಿ ಅದಾದ ಮೇಲೂ ಸ್ವಲ್ಪ ಹೊತ್ತು ಬರುತ್ತಿರುತ್ತದೆ, ಎರಡು ಗಂಟೆಯವರೆಗಾದರೂ ಎಚ್ಚರವಿರಿ. ಡ್ರಾಫ್ಟ್ ಜೂನ್ ಕೊನೆಯಲ್ಲಿ, 2024ರಿಂದ ಎರಡು ದಿನ. ಮೊದಲ ಸುತ್ತು ನಮಗೆ ಬೆಳಗಿನ 5.30ರ ಸುಮಾರಿಗೆ ಶುರು. ಅಂದು ವೇದಿಕೆಯಲ್ಲಿ ಕೂಗಿದ ತಂಡದ ಹೆಸರನ್ನೇ ಕೊನೆಯದೆಂದು ತಿಳಿಯಬೇಡಿ. 2018ರಲ್ಲಿ ಡಾನ್ಚಿಚ್ ಹೆಸರು ಬಂದದ್ದು ಅಟ್ಲಾಂಟಾ ಪರವಾಗಿ, ಆದರೆ ಅವರು ಆಡಿದ್ದು ಡಲ್ಲಾಸ್‌ಗೆ. 2025ರಲ್ಲಿ ಖಮಾನ್ ಮಲುವಾಚ್ ಅವರನ್ನು ಹ್ಯೂಸ್ಟನ್ ಆರಿಸಿದ್ದು ಫೀನಿಕ್ಸ್‌ಗಾಗಿ. ಏಕೆಂದರೆ ಆ ಪಿಕ್ಕನ್ನು ಫೀನಿಕ್ಸ್‌ಗೆ ಕೊಟ್ಟ ಡುರಾಂಟ್ ಟ್ರೇಡ್ ಜುಲೈನಲ್ಲಷ್ಟೇ ಅಧಿಕೃತವಾಯಿತು.

ಫೆಬ್ರುವರಿ ಗಡುವು ಮುಗಿದರೂ ಒಂದು ಬಾಗಿಲು ತೆರೆದಿರುತ್ತದೆ. ಸಂಬಳದಲ್ಲಿ ಒಂದಿಷ್ಟು ಬಿಟ್ಟುಕೊಟ್ಟು ತಂಡದಿಂದ ಬಿಡುಗಡೆ ಪಡೆಯುವುದಕ್ಕೆ ಬೈಔಟ್ ಎನ್ನುತ್ತಾರೆ. ಮಾರ್ಚ್ 1ರೊಳಗೆ ಹೀಗೆ ಬಿಡುಗಡೆಯಾದ ಆಟಗಾರ ಹೊಸ ತಂಡ ಸೇರಿ ಪ್ಲೇಆಫ್ ಆಡಬಹುದು. ನಿಮ್ಮ ತಂಡ ಮೊದಲ ಏಪ್ರನ್ ದಾಟಿದ್ದರೆ, ಹಳೆಯ ಸಂಬಳ ಒಂದು ಮಟ್ಟಕ್ಕಿಂತ ಹೆಚ್ಚಿದ್ದ ಅಂಥ ಆಟಗಾರನನ್ನು ತೆಗೆದುಕೊಳ್ಳುವಂತಿಲ್ಲ. ಹಾಗಾಗಿ ಹೆಸರುಗಳನ್ನು ಊಹಿಸುವ ಮೊದಲು ಹಂತ 2ರಲ್ಲಿ ಬರೆದುಕೊಂಡ ಸಂಬಳದ ಮೊತ್ತವನ್ನು ಇನ್ನೊಮ್ಮೆ ನೋಡಿಕೊಳ್ಳಿ.